ಸರ್ವಯಂತ್ರ ವಶೀಕರಣ

ಮನೆಯಲ್ಲಿ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಹಿಂದಿನವರು ಬೀಗದ ಕೈಗೊಂಚಲು ಯಾರ ಸೊಂಟದಲ್ಲಿದೆ ಎಂದು ನೋಡುತ್ತಿದ್ದರು. ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಅದು ದಾಟಿದ ದಿನ ರಾಜ್ಯ ಕೈಬದಲಾಯಿಸಿತೆಂದೇ ಅರ್ಥ. ಈಗ ಉಗ್ರಾಣಕ್ಕೆ ಬೀಗವಿಲ್ಲ. ಬೀಗ ಹಾಕೋಣವೆಂದರೆ ಉಗ್ರಾಣವೇ ಇಲ್ಲ. ಆ ಗೊಂಚಲಿನ ಸ್ಥಾನಕ್ಕೆ ಬಂದು ಕುಳಿತಿರುವುದು ರಿಮೋಟು. ಸಂಜೆಯ ಹೊತ್ತು ಅದು ಯಾರ ಕೈಯಲ್ಲಿದೆಯೋ ಅವರದೇ ಮನೆ. ಉಳಿದವರೆಲ್ಲ ಅವರು ತೋರಿಸಿದ್ದನ್ನು ನೋಡುವ ಪ್ರಜೆಗಳು.

ಇದು ರಿಮೋಟು ಒಂದೇ ಇದ್ದಾಗಿನ ಮಾತು. ಅದು ಐದಾದರೆ? ಐದು ಜನಕ್ಕೆ ಹಂಚಿ ಪ್ರಜಾಪ್ರಭುತ್ವ ನಡೆಸಬಹುದಲ್ಲ ಎಂದು ನೀವು ಹೇಳೀರಿ. ಹಾಗಾಗುವುದಿಲ್ಲ. ಐದನ್ನೂ ಬಲ್ಲ ಒಬ್ಬರ ಸರ್ವಾಧಿಕಾರ ನಡೆಯುತ್ತದೆ. ಯಾವುದನ್ನೂ ಬಲ್ಲದವರು ಕತ್ತಲೆಯ ಪರದೆಯ ಮುಂದೆ ಕುಳಿತಿರಬೇಕಾಗುತ್ತದೆ.

ನಮ್ಮ ಮನೆಯ ಹಜಾರದ ಗೋಡೆಯ ಮೇಲೆ ಒಂದು ಟಿ.ವಿ. ಇದೆ. ಅದರ ಕೆಳಗಿನ ಮರದ ಗೂಡಿನಲ್ಲಿ ಸೆಟ್‌ಟಾಪ್ ಬಾಕ್ಸು, ಬ್ಲೂರೇ ತಟ್ಟೆ ತಿರುಗಿಸುವ ಪೆಟ್ಟಿಗೆ, ಇವೆರಡಕ್ಕೂ ಹಿರಿಯಣ್ಣನ ಹಾಗೆ ಕುಳಿತ ಎ.ವಿ. ರಿಸೀವರು. ಎಲ್ಲ ಪೆಟ್ಟಿಗೆಗಳ ತಂತಿಯೂ ಮೊದಲು ಈ ಹಿರಿಯಣ್ಣನ ಬೆನ್ನಿಗೆ ಬಂದು ಸೇರುತ್ತದೆ. ಅವನು ಚಿತ್ರವನ್ನು ಟಿ.ವಿ.ಗೆ ಕಳಿಸಿ, ಶಬ್ದವನ್ನು ಐದು ಸ್ಪೀಕರುಗಳಿಗೂ ಮೂಲೆಯಲ್ಲಿ ಗುಡುಗುವ ಸಬ್‌ವೂಫರಿಗೂ ಹಂಚುತ್ತಾನೆ. ಬೆರಳುದ್ದದ ಒಂದು ಸ್ಟ್ರೀಮಿಂಗ್ ಕಡ್ಡಿಯೂ ಅವನಿಗೆ ಅಂಟಿಕೊಂಡಿದೆ. ಜಗತ್ತಿನ ಸಿನಿಮಾಗಳೆಲ್ಲ ಆ ಕಡ್ಡಿಯೊಳಗಿವೆ ಎಂದು ನನ್ನ ಮಗಳ ನಂಬಿಕೆ. ಈ ಸಮಸ್ತ ಸಂಸಾರಕ್ಕೆ ಹೋಮ್ ಥಿಯೇಟರ್ ಎಂದು ಹೆಸರು. ಸಂಗೀತದ ಹುಚ್ಚಿದ್ದ ನಮ್ಮ ತಂದೆಯವರು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಸುರಿದಿದ್ದರು. ಐದು ರಿಮೋಟುಗಳನ್ನೂ ಮುಂದೆ ಸಾಲಾಗಿ ಜೋಡಿಸಿಕೊಂಡು, ಜಲತರಂಗದವನು ಬಟ್ಟಲುಗಳ ಮುಂದೆ ಕೂತ ಹಾಗೆ ಕೂರುತ್ತಿದ್ದರು. ಅವರ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ.

ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಅವರೊಂದಿಗೆ ಆ ವಿದ್ಯೆಯೂ ಹೋಯಿತು. ನಾನು ಕಾಲೇಜಿಗೆ, ನನ್ನಾಕೆ ಬ್ಯಾಂಕಿಗೆ, ಮಗಳು ಶಾಲೆಗೆ ಹೊರಟ ಮೇಲೆ ಹತ್ತರಿಂದ ನಾಲ್ಕರವರೆಗೆ ಮನೆಯಲ್ಲಿರುವವರು ನಮ್ಮ ತಾಯಿ ಒಬ್ಬರೇ. ಓದೋಣವೆಂದರೆ ಕಣ್ಣು ಬೇಗ ಸೋಲುತ್ತದೆ. ಚಂದನದಲ್ಲಿ ಬರುವ ಸಂಗೀತವೆಂದರೆ ಅವರಿಗೆ ಪ್ರಾಣ. ಆದರೆ ಟಿ.ವಿ. ಮಾತ್ರ ನಾಲ್ಕು ಗಂಟೆಯವರೆಗೆ ಮಲಗಿರುತ್ತಿತ್ತು. ಮೊಮ್ಮಗಳು ಬಂದು ಚೀಲ ಇಳಿಸಿ, ಹಾಲು ಕುಡಿದು ಮುಗಿಸುವವರೆಗೂ ಕಾದಿದ್ದು, ಆಮೇಲೆ ಕೇಳುತ್ತಿದ್ದರು: “ಪುಟ್ಟೀ, ಸ್ವಲ್ಪ ಹಾಕಿಕೊಡ್ತೀಯೇನೆ?” ಆ ‘ಸ್ವಲ್ಪ’ ಎಂಬ ಮಾತು ನನ್ನನ್ನು ಬಹಳ ಕಾಡಿತು. ಐವತ್ತು ವರ್ಷ ಸಂಸಾರ ನಡೆಸಿದವರು ತಮ್ಮ ಹಜಾರದ ಟಿ.ವಿ.ಗೆ ಅರ್ಜಿ ಹಾಕಿಕೊಳ್ಳುವಂತಾಗಬಾರದು.

ಅವರಿಗೆ ಕಲಿಸಬಾರದೆ ಎಂದು ಕೇಳುವವರಿಗೆ ಪಾಠದ ಪಟ್ಟಿಯನ್ನು ಹೇಳಿಬಿಡುತ್ತೇನೆ. ಮೊದಲನೆಯ ರಿಮೋಟಿನಿಂದ ಟಿ.ವಿ. ಹೊತ್ತಿಸಬೇಕು. ಎರಡನೆಯದರಿಂದ ಸೆಟ್‌ಟಾಪ್ ಬಾಕ್ಸನ್ನು ಎಬ್ಬಿಸಬೇಕು. ಮೂರನೆಯದರಿಂದ ರಿಸೀವರನ್ನು ಎಬ್ಬಿಸಿ, ಹಿಂದಿನ ರಾತ್ರಿ ಯಾರೋ ಕಡ್ಡಿಯ ಕಡೆಗೆ ತಿರುಗಿಸಿಟ್ಟಿದ್ದ ಅದರ ಮುಖವನ್ನು ಬಾಕ್ಸಿನ ಕಡೆಗೆ ತಿರುಗಿಸಬೇಕು. ಚಾನೆಲು ಬದಲಿಸುವುದಕ್ಕೆ ಎರಡನೆಯದೇ ಆಗಬೇಕು; ಶಬ್ದ ಏರಿಸುವುದಕ್ಕೆ ಮೂರನೆಯದೇ ಆಗಬೇಕು; ಮೊದಲನೆಯದರಲ್ಲಿಯೂ ಶಬ್ದದ ಗುಂಡಿ ಇದೆಯಾದರೂ ಅದನ್ನು ಒತ್ತಬಾರದು. ಒಂದು ಭಾನುವಾರ ಮಗಳು ಐದು ರಿಮೋಟುಗಳ ಗುಂಡಿಗಳನ್ನೂ ಎಣಿಸಿ 196 ಎಂದು ಘೋಷಿಸಿದಳು. ಕನ್ನಡ ವರ್ಣಮಾಲೆಗೆ 49 ಅಕ್ಷರ. ಪಂಪನಿಂದ ಇಲ್ಲಿಯವರೆಗಿನ ಸಾಹಿತ್ಯಕ್ಕೆಲ್ಲ ಅಷ್ಟೇ ಸಾಕಾಯಿತು. ಮಧ್ಯಾಹ್ನ ಒಂದು ಹಾಡು ಕೇಳುವುದಕ್ಕೆ ನಾಲ್ಕು ವರ್ಣಮಾಲೆ ಬೇಕೆ?

ದೂರದಿಂದ ಆಜ್ಞೆ ಮಾಡುವ ಆಸೆ ಮನುಷ್ಯನಿಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ ಟಿ.ವಿ.ಗೆ ರಿಮೋಟು ಇರಲಿಲ್ಲ, ಮಕ್ಕಳಿದ್ದೆವು. “ಲೋ, ಸೌಂಡು ಸ್ವಲ್ಪ ಕಮ್ಮಿ ಮಾಡೋ” ಎಂದು ಹಿರಿಯರು ಕುಳಿತಲ್ಲಿಂದಲೇ ಆಜ್ಞಾಪಿಸಿದರೆ ನಾವು ಎದ್ದು ಹೋಗಿ ತಿರುಪು ತಿರುಗಿಸುತ್ತಿದ್ದೆವು. ಮಕ್ಕಳಷ್ಟು ವಿಧೇಯವಾದ ಯಂತ್ರ ಬೇಕೆಂದು ಅಮೆರಿಕದವರಿಗೆ ನಮಗಿಂತ ಬಹಳ ಮೊದಲೇ ಅನ್ನಿಸಿತ್ತು. ಶಿಕಾಗೋದ ಜೆನಿತ್ ಕಂಪನಿ 1950ರಲ್ಲಿಯೇ ಒಂದು ರಿಮೋಟನ್ನು ಮಾರಿತು. ಟಿ.ವಿ.ಗೂ ಅದಕ್ಕೂ ನಡುವೆ ಉದ್ದನೆಯ ತಂತಿ. ಹೆಸರು ‘ಲೇಜಿ ಬೋನ್ಸ್’, ಅಂದರೆ ಸೋಮಾರಿ. ಸೋಮಾರಿಗಳು ಸುಖವಾಗಿದ್ದರು, ಆದರೆ ಓಡಾಡುವವರು ತಂತಿಗೆ ಎಡವಿದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಎಂಬಾತ ತಂತಿಯನ್ನು ತೆಗೆದು ಬೆಳಕನ್ನು ತಂದ. ಪರದೆಯ ನಾಲ್ಕು ಮೂಲೆಗಳಿಗೆ ಬೆಳಕು ಬಿಟ್ಟರೆ ನಾಲ್ಕು ಕೆಲಸವಾಗುತ್ತಿತ್ತು. ಕಿಟಕಿಯಿಂದ ಬಿಸಿಲು ಬಿದ್ದರೂ ಆಗಿಬಿಡುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಬೆಳಕಿನ ಬದಲು ನಾದವನ್ನು ಹಿಡಿದ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಮ್ ಕಂಬಿಯನ್ನು ಬಡಿಯುತ್ತಿತ್ತು. ಮನುಷ್ಯನ ಕಿವಿಗೆ ಕೇಳದ ಆ ನಾದವನ್ನು ಟಿ.ವಿ. ಕೇಳುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ. ಸೆಲ್ಲು ಮುಗಿದಾಗ ಗಿರಾಕಿಗಳು ಟಿ.ವಿ.ಯೇ ಕೆಟ್ಟಿತೆಂದು ತಿಳಿದಾರೆಂಬ ಭಯ ಮಾರಾಟದವರಿಗಿತ್ತಂತೆ. ಸೆಲ್ಲು ಮುಗಿದರೆ ರಿಮೋಟನ್ನು ಅಂಗೈಗೆ ನಾಲ್ಕು ಸಲ ಬಡಿದು, ಸೆಲ್ಲನ್ನು ತೆಗೆದು ಉರುಳಿಸಿ ಮತ್ತೆ ಹಾಕಿ, ಇನ್ನೊಂದು ತಿಂಗಳು ನಡೆಸುವ ನಮ್ಮ ದೇಶದ ವಿದ್ಯೆಯನ್ನು ಅವರು ಅರಿಯರು.

ಈ ನಾದದ ರಿಮೋಟು ಸುಮಾರು ಇಪ್ಪತ್ತೈದು ವರ್ಷ ಆಳಿ, 1980ರ ದಶಕದಲ್ಲಿ ಇನ್‌ಫ್ರಾರೆಡ್ ಬೆಳಕಿಗೆ ದಾರಿ ಬಿಟ್ಟಿತು. ಕಣ್ಣಿಗೆ ಕಾಣದ ಈ ಬೆಳಕೇ ಇಂದಿಗೂ ಹೆಚ್ಚಿನ ರಿಮೋಟುಗಳ ಮೂತಿಯಿಂದ ಹೊರಡುತ್ತದೆ. ಮೊಬೈಲಿನ ಕ್ಯಾಮೆರಾ ಮುಂದೆ, ಅದರಲ್ಲಿಯೂ ನಾವು ನಮ್ಮ ಮುಖ ನೋಡಿಕೊಳ್ಳುವ ಕ್ಯಾಮೆರಾ ಮುಂದೆ, ರಿಮೋಟು ಹಿಡಿದು ಗುಂಡಿ ಒತ್ತಿದರೆ ಸಾಮಾನ್ಯವಾಗಿ ಮಿನುಗುವುದು ಕಾಣುತ್ತದೆ. ಕೆಟ್ಟಿರುವುದು ರಿಮೋಟೋ ಟಿ.ವಿ.ಯೋ ಎಂಬ ಜಗಳವನ್ನು ಇಷ್ಟರಿಂದಲೇ ತೀರಿಸಬಹುದು.

ಆ ಮಿನುಗಿನಲ್ಲಿ ಏನಿದೆ ಎಂದು ತಿಳಿದಾಗ ಛಂದಸ್ಸು ಪಾಠ ಹೇಳುವ ನನಗೆ ಆದ ಸಂತೋಷವನ್ನು ಓದುಗರೊಂದಿಗೆ ಹಂಚಿಕೊಳ್ಳದೆ ಇರಲಾರೆ. ಜಪಾನಿನ ಎನ್.ಇ.ಸಿ. ಕಂಪನಿಯ ಹೆಸರಿನ ಒಂದು ಪದ್ಧತಿ ಬಹಳ ಬಳಕೆಯಲ್ಲಿದೆ. ಸೆಕೆಂಡಿಗೆ 38,000 ಸಲ ಮಿಡಿಯುವ ಬೆಳಕು ಮೊದಲು 9 ಮಿಲಿಸೆಕೆಂಡು ಹೊತ್ತಿ ‘ಕೇಳಿ’ ಎಂದು ಎಚ್ಚರಿಸುತ್ತದೆ. ಆಮೇಲೆ ಕೊಂಚ ಮೌನ. ಅನಂತರ 32 ಅಕ್ಷರಗಳು. ಸೊನ್ನೆ ಅಥವಾ ಒಂದು. ಸೊನ್ನೆಗೆ ಹಿಡಿಯುವ ಕಾಲ 1.125 ಮಿಲಿಸೆಕೆಂಡು, ಒಂದಕ್ಕೆ ಸರಿಯಾಗಿ ಅದರ ಎರಡರಷ್ಟು, 2.25. ಸೊನ್ನೆ ಲಘು, ಒಂದು ಗುರು! ಮೊದಲ ಎಂಟು ಅಕ್ಷರ ಯಾವ ಯಂತ್ರಕ್ಕೆ ಎಂಬ ವಿಳಾಸ. ಅದರ ಹಿಂದೆಯೇ ಅದೇ ವಿಳಾಸ ತಿರುಗುಮುರುಗಾಗಿ, ಲಘುವಿದ್ದಲ್ಲಿ ಗುರು, ಗುರುವಿದ್ದಲ್ಲಿ ಲಘು. ಆಮೇಲೆ ಎಂಟು ಅಕ್ಷರದ ಆಜ್ಞೆ. ಅದೂ ಒಮ್ಮೆ ತಿರುಗುಮುರುಗಾಗಿ. ಎರಡು ಪಾಠಗಳೂ ತಾಳೆಯಾದರೆ ಮಾತ್ರ ಯಂತ್ರ ಕೇಳುತ್ತದೆ. ಹೀಗಾಗಿ ಈ ಪದ್ಧತಿಯ ಮೂಲ ರೂಪದಲ್ಲಿ ಯಾವ ಗುಂಡಿ ಒತ್ತಿದರೂ ಹದಿನಾರು ಲಘು, ಹದಿನಾರು ಗುರು. ಒಟ್ಟು 48 ಮಾತ್ರೆ. ಕಂದಪದ್ಯಕ್ಕೆ 64. ಫಿಲಿಪ್ಸ್‌ನವರದು, ಸೋನಿಯವರದು ಬೇರೆ ಬೇರೆ ಛಂದಸ್ಸು. ಒಂದು ರಿಮೋಟು ಇನ್ನೊಂದು ಯಂತ್ರಕ್ಕೆ ಆಗದಿರುವುದಕ್ಕೆ ಕಾರಣ ಹಗೆತನವಲ್ಲ. ವಿಳಾಸ ಬೇರೆ, ಧಾಟಿ ಬೇರೆ.

ಎಲ್ಲ ಧಾಟಿಗಳನ್ನೂ ಒಂದೇ ಬಾಯಿಂದ ಹಾಡಿಸುವುದೇ ಯೂನಿವರ್ಸಲ್ ರಿಮೋಟಿನ ಕೆಲಸ. ಆಪಲ್ ಕಂಪ್ಯೂಟರನ್ನು ಕಟ್ಟಿದ ಇಬ್ಬರು ಸ್ಟೀವ್‌ಗಳಲ್ಲಿ ಒಬ್ಬನಾದ ವೋಜ್ನಿಯಾಕ್, ಆ ಕಂಪನಿಯಿಂದ ಹೊರಬಂದ ಮೇಲೆ 1987ರಲ್ಲಿ ಮಾರುಕಟ್ಟೆಗೆ ತಂದದ್ದು ಇಂತಹ ಒಂದು ರಿಮೋಟನ್ನೇ. ಅಂತಹ ಬುದ್ಧಿವಂತನನ್ನೂ ಮನೆಯ ಸೋಫಾ ಮೇಲಿನ ರಿಮೋಟುಗಳ ರಾಶಿ ಕಾಡಿತ್ತೆಂದರೆ ನಮ್ಮಂಥವರಿಗೆ ಸಮಾಧಾನ.

ಕೊಳ್ಳುವವನ ಮುಂದೆ ಇಂದು ಮೂರು ಜಾತಿಯ ರಿಮೋಟುಗಳಿವೆ. ಮೊದಲನೆಯದು ಎಲ್ಲವನ್ನೂ ಹುಟ್ಟುವಾಗಲೇ ಕಲಿತು ಬಂದದ್ದು. ಅದರ ಜೊತೆಗೆ ಒಂದು ಕಿರುಹೊತ್ತಗೆ ಬರುತ್ತದೆ. ಕಂಪನಿಗಳ ಹೆಸರು, ಎದುರಿಗೆ ನಾಲ್ಕಂಕಿಯ ಸಂಖ್ಯೆಗಳ ಸಾಲು. ಒಂದು ಗುಂಡಿಯನ್ನು ಕೆಂಪು ದೀಪ ಮಿನುಗುವವರೆಗೆ ಒತ್ತಿಹಿಡಿದು ಸಂಖ್ಯೆ ಕೊಡಬೇಕು, ಟಿ.ವಿ. ಆರಿದರೆ ಗೆದ್ದಿರಿ, ಇಲ್ಲವಾದರೆ ಮುಂದಿನ ಸಂಖ್ಯೆ. ಬೇಸರವಾದವರಿಗೆ ತಾನೇ ಹುಡುಕುವ ವಿಧಾನವೂ ಉಂಟು, ಟಿ.ವಿ. ಆರುವವರೆಗೆ ಹಿಡಿದುಕೊಂಡೇ ಕೂತಿರಬೇಕು. ಇದಕ್ಕೆ ಬೇಕಾದ ಬಂಡವಾಳ ತಾಳ್ಮೆ.

ಎರಡನೆಯದು ಏನೂ ತಿಳಿಯದೆ ಹುಟ್ಟಿ, ಕಲಿಸಿದ್ದನ್ನು ಕಲಿಯುವ ಜಾತಿ. ಹಳೆಯ ರಿಮೋಟನ್ನೂ ಇದನ್ನೂ ಎರಡು ಮೂರು ಅಂಗುಲದ ಅಂತರದಲ್ಲಿ ಮೂತಿಗೆ ಮೂತಿ ಎದುರಾಗಿ ಮೇಜಿನ ಮೇಲಿಡಬೇಕು. ಶಿಷ್ಯನ ಒಂದು ಗುಂಡಿಯನ್ನು ಆರಿಸಿ, ಗುರುವಿನ ಗುಂಡಿಯನ್ನು ಒತ್ತಬೇಕು. ಗುರು ಹೇಳುತ್ತಾನೆ, ಶಿಷ್ಯ ಕೇಳಿ ಬಾಯಿಪಾಠ ಮಾಡುತ್ತಾನೆ. ಅರ್ಥ ಅವನಿಗೆ ತಿಳಿಯದು. ಲಘುಗುರುಗಳ ನಡಿಗೆ ಮಾತ್ರ ತಪ್ಪುವುದಿಲ್ಲ. ಮಗ್ಗಿ ಕಲಿತ ನಮಗೆಲ್ಲ ಈ ಪಾಠಕ್ರಮ ಪರಿಚಿತವೇ. ಬಿಸಿಲು ಬೀಳದ ಜಾಗ, ಗುರುವಿನಲ್ಲಿ ಹೊಸ ಸೆಲ್ಲು, ಇವೆರಡಿದ್ದರೆ ಪಾಠ ಬೇಗ ಹತ್ತುತ್ತದೆ.

ಮೂರನೆಯದು ಪಂಡಿತರ ಜಾತಿ. ಕೆನಡಾದಲ್ಲಿ ಹುಟ್ಟಿ 2004ರಲ್ಲಿ ಲಾಜಿಟೆಕ್ ಕಂಪನಿಯ ಕೈಸೇರಿದ ಹಾರ್ಮನಿ ಎಂಬ ರಿಮೋಟು ಇವುಗಳಲ್ಲಿ ಹೆಸರುವಾಸಿಯಾಗಿತ್ತು. ‘ಸಿನಿಮಾ ನೋಡುವುದು’ ಎಂಬ ಒಂದು ಗುಂಡಿ ಒತ್ತಿದರೆ ಯಾವ ಯಾವ ಯಂತ್ರಕ್ಕೆ ಏನೇನು ಹೇಳಬೇಕೋ ಎಲ್ಲವನ್ನೂ ಅದೇ ಸರದಿಯಲ್ಲಿ ಹೇಳುತ್ತಿತ್ತು. 2021ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಈ ಪಂಡಿತನಲ್ಲಿ ಒಂದು ವಿಶೇಷವಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೋಡದವರು ರಿಮೋಟುಗಳ ಜನಸಂಖ್ಯೆಯನ್ನು ಊಹಿಸಲಾರರು. ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಚೀಲಗಳಲ್ಲಿ ಬಾಳೆಗೊನೆಯ ಹಾಗೆ ತೂಗುಬಿಟ್ಟಿರುತ್ತಾರೆ. ನಾನು ಹೋಗಿದ್ದ ಅಂಗಡಿಯ ಹುಡುಗ ಅರವತ್ತು ಗುಂಡಿಯ ಒಂದನ್ನು ಮುಂದಿಟ್ಟು, “ಇದು ತಗೊಳ್ಳಿ ಸಾರ್, ಎಲ್ಲಾದಕ್ಕೂ ಆಗುತ್ತೆ” ಎಂದ.

“ಎಲ್ಲದಕ್ಕೂ ಆಗುವುದು ಬೇಡಪ್ಪ, ಒಬ್ಬರಿಗೆ ಆಗುವುದು ಕೊಡು” ಎಂದೆ.

ಅವನು ಒಂದು ಗಳಿಗೆ ನೋಡಿ, “ಮನೇಲಿ ಯಾರಿಗೆ ಸಾರ್?” ಎಂದ. ತಾಯಿಗೆ ಎಂದೆ. ಮಾತಾಡದೆ ಒಳಗೆ ಹೋಗಿ ಎಂಟೇ ಎಂಟು ದಪ್ಪ ಗುಂಡಿಗಳಿರುವ, ಕಲಿಯುವ ಜಾತಿಯ ರಿಮೋಟೊಂದನ್ನು ತಂದ. “ನಮ್ಮ ಅಜ್ಜಿಗೂ ಇದೇ ಕೊಟ್ಟಿದೀನಿ” ಎಂದು ಸೇರಿಸಿದ. 250 ರೂಪಾಯಿಗೆ ಅದರ ಜೊತೆ ಆ ಮಾತೂ ಸಿಕ್ಕಿತು. ಸ್ಟ್ರೀಮಿಂಗ್ ಕಡ್ಡಿಯನ್ನು ಇದು ಆಳಲಾರದು ಎಂದೂ ಎಚ್ಚರಿಸಿದ. ನಮ್ಮಲ್ಲಿರುವ ಬಗೆಯ ಕಡ್ಡಿ ತನ್ನ ರಿಮೋಟಿನೊಡನೆ ಬೆಳಕಿನಲ್ಲಲ್ಲ, ಬ್ಲೂಟೂತ್ ರೇಡಿಯೋದಲ್ಲಿ ಮಾತಾಡುತ್ತದೆ. ತಾಯಿಗೆ ಆ ಕಡ್ಡಿಯ ಹಂಗಿಲ್ಲವಾದ್ದರಿಂದ ಚಿಂತೆಯಿರಲಿಲ್ಲ.

ಎಂಟು ಗುಂಡಿಗೆ ಏನೇನು ಕಲಿಸಬೇಕು? ಇಲ್ಲಿಯೇ ನಿಜವಾದ ವ್ಯಾಕರಣ ಆರಂಭವಾಗುವುದು. ರಿಮೋಟುಗಳ ಭಾಷೆಯಲ್ಲಿ ಇರುವುದೆಲ್ಲ ವಿಧ್ಯರ್ಥ. ಮಾಡು, ಏರಿಸು, ಇಳಿಸು. ಆದರೆ ಆಜ್ಞೆಗಳಲ್ಲಿ ಎರಡು ಬಗೆ. ಒಂದು ‘ಹೀಗಿರು’ ಎನ್ನುತ್ತದೆ. ಇನ್ನೊಂದು ‘ಈಗಿರುವುದಕ್ಕೆ ವಿರುದ್ಧವಾಗು’ ಎನ್ನುತ್ತದೆ. ಹೊತ್ತಿಸುವ ಗುಂಡಿ ಸಾಮಾನ್ಯವಾಗಿ ಎರಡನೆಯ ಬಗೆಯದು. ಆರಿದ್ದರೆ ಹೊತ್ತಿಸುತ್ತದೆ, ಹೊತ್ತಿದ್ದರೆ ಆರಿಸುತ್ತದೆ. ಒಂದೇ ಗುಂಡಿಗೆ ಟಿ.ವಿ., ಬಾಕ್ಸು, ರಿಸೀವರು ಮೂರನ್ನೂ ಕಟ್ಟಿದರೆ, ಮೂರೂ ಮಲಗಿದ್ದಾಗ ಮೂರೂ ಏಳುತ್ತವೆ. ಒಂದು ಮೊದಲೇ ಎದ್ದಿತ್ತೆನ್ನಿ. ಎರಡು ಏಳುತ್ತವೆ, ಮೂರನೆಯದು ಮಲಗುತ್ತದೆ. ಇನ್ನೊಮ್ಮೆ ಒತ್ತಿದರೆ ಅದು ಏಳುತ್ತದೆ, ಎರಡು ಮಲಗುತ್ತವೆ. ತುಂಟ ಹುಡುಗರ ತರಗತಿಯೂ ಇದಕ್ಕಿಂತ ವಾಸಿ.

ಈ ಕಷ್ಟದ ಮೂಲ, ರಿಮೋಟು ಹೇಳುತ್ತದೆಯೇ ಹೊರತು ಕೇಳುವುದಿಲ್ಲ ಎಂಬುದು. ಬೆಳಕು ಅದರಿಂದ ಹೊರಡುತ್ತದೆ, ಉತ್ತರ ಹಿಂದಕ್ಕೆ ಬರುವುದಿಲ್ಲ. ಟಿ.ವಿ. ಹೊತ್ತಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದರ ವ್ಯಾಕರಣದಲ್ಲಿ ಪ್ರಶ್ನಾರ್ಥಕವೇ ಇಲ್ಲ. ಹಾರ್ಮನಿಯ ವಿಶೇಷವೆಂದೆನಲ್ಲ, ಅದು ಇದೇ. ಯಂತ್ರಗಳ ಹೆಜ್ಜೆ ತಪ್ಪಿದಾಗ ಅದರ ಸಹಾಯದ ಗುಂಡಿ ಒತ್ತಿದರೆ, ‘ಟಿ.ವಿ. ಹೊತ್ತಿತೆ?’ ಎಂದು ಅದು ಕುಳಿತವರನ್ನೇ ಕೇಳುತ್ತಿತ್ತು. ಯಂತ್ರಗಳಿಗೆ ಆಜ್ಞೆ, ಮನುಷ್ಯರಿಗೆ ಪ್ರಶ್ನೆ. ನಾವು ಹಿರಿಯರಿಗಾಗಿ ಏನಾದರೂ ಏರ್ಪಾಡು ಮಾಡುವಾಗ ಇಟ್ಟುಕೊಳ್ಳಬಹುದಾದ ನೇಮವೂ ಇದೇ ಇರಬಹುದು.

ಹಾಗೆಂದು, ಪಾಠ ಆರಂಭಿಸುವ ಮೊದಲು ತಾಯಿಯನ್ನೇ ಕೇಳಿದೆ: “ಅಮ್ಮ, ನಿನಗೆ ಯಾವ ಯಾವ ಗುಂಡಿ ಬೇಕು?”

“ಆರಿಸೋ ಗುಂಡಿ” ಎಂದರು.

ಹೊತ್ತಿಸುವುದು ಬೇಡವೆ ಎಂದೆ. “ಹಾಕೋದು ಯಾರಾದರೂ ಹಾಕಿಕೊಡ್ತೀರಪ್ಪ. ಹಾಕಿಕೊಟ್ಟು ಹೋದಮೇಲೆ ಅದು ಬೊಬ್ಬೆ ಹೊಡೀತಾನೇ ಇರುತ್ತೆ. ಬಾಗಿಲಿಗೆ ಯಾರಾದರೂ ಬಂದರೆ, ಫೋನು ಬಂದರೆ, ಕಣ್ಣು ಎಳೆದರೆ ಏನು ಮಾಡಲಿ? ಯಾರನ್ನ ಕೂಗಲಿ? ಅದಕ್ಕೇ ನಾನು ಹಾಕಿಸಿಕೊಳ್ಳೋದೇ ಕಮ್ಮಿ. ನಿಮ್ಮ ತಂದೆ ಇದ್ದಾಗ ‘ಸಾಕು’ ಅಂದರೆ ಆರಿಸೋರು.”

ಬೇಕೆನ್ನುವುದಕ್ಕಿಂತ ಸಾಕೆನ್ನುವುದು ದೊಡ್ಡ ಸ್ವಾತಂತ್ರ್ಯ. ಯಾವ ಕಂಪನಿಯ ಕಿರುಹೊತ್ತಗೆಯಲ್ಲಿಯೂ ಈ ಮಾತಿಲ್ಲ.

ಉಳಿದ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಸೆಟ್‌ಟಾಪ್ ಬಾಕ್ಸನ್ನು ಆರಿಸುವುದೇ ಬೇಡವೆಂದು ತೀರ್ಮಾನಿಸಿದೆವು. ಕೊಂಚ ಕರೆಂಟು ಹೆಚ್ಚಾಗಿ ಸುಡುತ್ತದೆ ನಿಜ. ಆದರೆ ಅದು ಎಚ್ಚರವಾಗಿದ್ದು, ತಾಯಿ ಬಿಟ್ಟ ಚಾನೆಲಿನಲ್ಲಿಯೇ ಕಾದಿರುತ್ತದೆ. ಟಿ.ವಿ.ಗೂ ರಿಸೀವರಿಗೂ ನಡುವೆ ಇರುವ ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರ ಶಬ್ದಗಳಲ್ಲದೆ ಸಿ.ಇ.ಸಿ. ಎಂಬ ಪಿಸುಮಾತೂ ಹರಿಯಬಲ್ಲದು; ಒಂದು ಎದ್ದರೆ ಇನ್ನೊಂದನ್ನು ಎಬ್ಬಿಸುವ ಉಪಾಯ. ಸ್ಯಾಮ್ಸಂಗ್‌ನವರು ಇದನ್ನು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್.ಜಿ.ಯವರು ಸಿಂಪ್ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್; ದೇವನೊಬ್ಬ, ನಾಮ ಹಲವು. ಬೇರೆ ಬೇರೆ ಕಂಪನಿಗಳ ಯಂತ್ರಗಳ ನಡುವೆ ಈ ಪಿಸುಮಾತು ಕೆಲವು ಮನೆಗಳಲ್ಲಿ ನಡೆಯುತ್ತದೆ, ಕೆಲವು ಮನೆಗಳಲ್ಲಿ ಮುನಿಸಿಕೊಳ್ಳುತ್ತದೆ. ಎರಡೂ ಯಂತ್ರಗಳ ಪಟ್ಟಿಯಲ್ಲಿ ಅದನ್ನು ಹುಡುಕಿ ಚಾಲೂ ಮಾಡಿದೆವು. ನಮ್ಮ ಪುಣ್ಯಕ್ಕೆ ನಡೆಯಿತು. ಈಗ ಗುಂಡಿ ಹೇಳಬೇಕಾದದ್ದು ಟಿ.ವಿ.ಯೊಂದಕ್ಕೆ ಮಾತ್ರ. ಹೊತ್ತಿದ್ದು ಆರಿದ್ದು ಕಣ್ಣಿಗೇ ಕಾಣುವುದರಿಂದ ಹೆಜ್ಜೆ ತಪ್ಪುವ ಭಯವಿಲ್ಲ.

ಹೀಗೆ ಮೊದಲ ಗುಂಡಿಗೆ ಟಿ.ವಿ.ಯ ಗುರು, ಶಬ್ದದ ಎರಡಕ್ಕೆ ರಿಸೀವರಿನ ಗುರು, ಚಾನೆಲಿನ ಎರಡಕ್ಕೆ ಬಾಕ್ಸಿನ ಗುರು. ಆರನೆಯದಕ್ಕೆ ರಿಸೀವರಿನ ರಿಮೋಟಿನಲ್ಲಿ ಸೆಟ್‌ಟಾಪ್ ಬಾಕ್ಸಿಗೆಂದೇ ಇರುವ ನೇರ ಗುಂಡಿಯ ಪಾಠ. ಇದು ‘ಹೀಗಿರು’ ಎನ್ನುವ ಜಾತಿಯದು. ಎಷ್ಟು ಸಲ ಒತ್ತಿದರೂ ಬಾಕ್ಸಿನ ಕಡೆಗೇ ಮುಖ. ರಾತ್ರಿ ಮಗಳು ಕಡ್ಡಿಯ ಸಿನಿಮಾ ನೋಡಿ ಹೇಗೆ ಬಿಟ್ಟಿದ್ದರೂ ಚಿಂತೆಯಿಲ್ಲ. ಶಬ್ದವನ್ನು ಪೂರ್ತಿ ನಿಲ್ಲಿಸುವ ಮ್ಯೂಟ್ ಗುಂಡಿಯ ಮಾತು ಬಂದಾಗ ತಾಯಿ, “ಬಾಯಿ ಮುಚ್ಚಿಸೋ ಗುಂಡಿ ಬೇಡ ಬಿಡು” ಎಂದರು. ಎರಡು ಗುಂಡಿಗಳು ಏನನ್ನೂ ಕಲಿಯದೆ ಉಳಿದವು. ಕೈತಪ್ಪಿ ಒತ್ತಿದರೂ ಏನೂ ಆಗದ ಗುಂಡಿಗಳು ಇರುವುದು ಒಳ್ಳೆಯದೇ. ಮಗಳು ಮೊದಲ ಗುಂಡಿಗೆ ತನ್ನ ಉಗುರುಬಣ್ಣದಿಂದ ಕುಂಕುಮದಷ್ಟು ಕೆಂಪು ಬೊಟ್ಟಿಟ್ಟಳು. ಉಳಿದ ಐದು ರಿಮೋಟುಗಳು ಗೂಡಿನ ಕೆಳಗಿನ ಸೆಳೆಖಾನೆಗೆ ನಿವೃತ್ತರಾಗಿ ಹೋದವು. ಗುರುಗಳನ್ನು ಎಸೆಯಬಾರದು, ಶಿಷ್ಯ ಎಂದಾದರೂ ಪಾಠ ಮರೆತಾನು.

ಮೊನ್ನೆ ಕಾಲೇಜಿನಲ್ಲಿ ಮಧ್ಯಾಹ್ನದ ತರಗತಿ ಇರಲಿಲ್ಲ. ಎರಡೂವರೆಗೆ ಮನೆಗೆ ಬಂದೆ. ಹಜಾರದಲ್ಲಿ ಯಾರೋ ಕಲ್ಯಾಣಿ ಹಾಡುತ್ತಿದ್ದರು. ಐದು ಸ್ಪೀಕರುಗಳೂ ಬಹಳ ದಿನದ ಮೇಲೆ ಬಾಯಿಬಿಟ್ಟಿದ್ದವು. ತಾಯಿ ನನ್ನನ್ನು ಕಂಡು, ಮಾತಾಡಬೇಡವೆಂದು ಕೈ ಎತ್ತಿದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ. ಹಾಡು ಮುಗಿಯಿತು. ಜಾಹೀರಾತು ಆರಂಭವಾಗುವುದಕ್ಕೆ ಮೊದಲೇ ಅವರು ಕೆಂಪು ಬೊಟ್ಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಮನೆ ನಿಶ್ಶಬ್ದವಾಯಿತು.

“ಈಗ ಹೇಳು” ಎಂದರು, “ಯಾಕೆ ಇಷ್ಟು ಬೇಗ ಬಂದೆ? ಊಟ ಆಯಿತೇನೋ?”